ದೊರೆಯ ಊಟ

ಕುದುರೆ ನಮ್ಮ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ನಾನು ಹಿತ್ತಲಿನ ಷೆಡ್ಡಿನಲ್ಲಿ ಕುರ್ಚಿಯೊಂದಕ್ಕೆ ಎರಡನೇ ಕೈ ಪಾಲಿಶ್ ಹಚ್ಚುತ್ತಿದ್ದೆ. ಹಲಗೆಗಳ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಮರದ ಪುಡಿ ಅದರೊಳಗೆ ಮೇಲೂ ಹೋಗದೆ ಕೆಳಗೂ ಇಳಿಯದೆ ತೇಲುತ್ತಿತ್ತು. ಇದ್ದಕ್ಕಿದ್ದಂತೆ ಬಾಗಿಲು ಕತ್ತಲಾಯಿತು. ತಲೆ ಎತ್ತಿದರೆ ನನ್ನ ನಾದಿನಿ, ಅವಳ ಭುಜದ ಮೇಲೆ ಇನ್ನೊಂದು ಉದ್ದನೆಯ ಮುಖ.

"ಅತ್ತಿಗೆ, ಸ್ವಲ್ಪ ಜರುಗ್ತೀರಾ? ಇವನಿಗೆ ಬಿಸಿಲು ತಾಗ್ತಿದೆ."

ಇವನಿಗಂತೆ! ಎಂಟು ತಿಂಗಳ ಹಿಂದೆ ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಬಂದಾಗಲೂ ಅವಳು ಹೀಗೇ ಬಾಗಿಲಲ್ಲಿ ನಿಂತಿದ್ದಳು. ಆಗ ಜರುಗಿ ಜಾಗ ಕೊಟ್ಟಿದ್ದೆ. ಒಂದು ಸಲ ಜರುಗಿದವರಿಗೆ ಆಮೇಲೆ ಜರುಗುವುದೇ ಕಸುಬು.

ನಮ್ಮದು ಬಡಗಿಯ ಮನೆ. ನಮ್ಮ ಯಜಮಾನರು ಬೀದಿಯ ಕಡೆಯ ಕೋಣೆಯಲ್ಲಿ ಮೇಜು ಕುರ್ಚಿ ಮಾಡುತ್ತಾರೆ, ನಾನು ಅವಕ್ಕೆ ಪಾಲಿಶ್ ಹಾಕುತ್ತೇನೆ. ಅತ್ತೆಗೆ ಕಣ್ಣು ಮಂಜಾಗಿ ಆರು ವರ್ಷವಾದರೂ ಅಡುಗೆಮನೆ ಹೆಸರಿಗೆ ಅವರದೇ. ಬೀದಿಕೋಣೆ ಗಂಡನದು. ನನ್ನದು ಅಂತ ಈ ಮನೆಯಲ್ಲಿದ್ದದ್ದು ತಗಡಿನ ಮಾಡಿನ ಆ ಷೆಡ್ಡು ಒಂದೇ, ಅದೂ ಹನ್ನೆರಡು ವರ್ಷದಿಂದ. ಅಲ್ಲಿ ಕೂತರೆ ಯಾರ ಮಾತಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಅದರೊಳಕ್ಕೇ ಈಗ ಕುದುರೆ ನುಗ್ಗಿತು.

ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಅನ್ನುತ್ತಾರೆ. ಪುಟ್ಟಿಗೆ ಮೂವತ್ನಾಲ್ಕು ವರ್ಷ. ಹಳೇ ಪೇಟೆಯ ಗಲ್ಲಿಗಳಿಗೆ ಹಗಲು ಹೊತ್ತು ಲಾರಿ ಬಿಡುವುದಿಲ್ಲ. ಹಿಟ್ಟಿನ ಗಿರಣಿಯಿಂದ ಬೇಕರಿಗಳಿಗೆ ಮೂಟೆ ಸಾಗಿಸಲು ಕುದುರೆಗಾಡಿಯೇ ಗತಿ. ಇವಳು ಯಾರಿಗೂ ಹೇಳದೆ ಗಿರಣಿಗೆ ಹೋಗಿ ಮಾತಾಡಿದ್ದಾಳೆ. ಕುದುರೆ ಇದ್ದರೆ ಒಂದನೇ ತಾರೀಖಿನಿಂದ ಕೆಲಸ ಎಂದಿದ್ದಾರೆ, ಗಾಡಿ ಅವರದೇ. ಕೈಯಲ್ಲಿದ್ದ ಎರಡು ಬಳೆ ಮಾರಿ, ಕುದುರೆ ಹಿಡಿದುಕೊಂಡು ಬಂದಿದ್ದಾಳೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಾತು ಶುರುವಾಯಿತು.

"ಯಾರನ್ನ ಕೇಳಿ ತಂದೆ?" ಎಂದರು ಯಜಮಾನರು.

"ನಿನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ ಅಣ್ಣ."

"ಅಂತಿದ್ದೆ. ನೂರು ಸಲ ಅಂತಿದ್ದೆ!"

"ಅದಕ್ಕೇ ಕೇಳ್ಲಿಲ್ಲ."

ಅತ್ತೆಗೆ ನಗು ಬಂತು. "ಬಣ್ಣ ಏನೇ ಅದರದ್ದು?"

"ಕಂದು ಅಮ್ಮ. ಹಣೆ ಮೇಲೆ ಒಂಚೂರು ಬಿಳಿ."

"ನಿಮ್ಮಪ್ಪನ ಕೋಟು ಇದೇ ಬಣ್ಣ ಇತ್ತು."

"ಬಣ್ಣದ ಮಾತು ಸಾಕು," ಎಂದೆ ನಾನು. "ನನ್ನ ಪಾಲಿಶ್ ಡಬ್ಬ ಎಲ್ಲಿಡ್ಲಿ, ನಿಮ್ಮೆಲ್ಲರ ತಲೆ ಮೇಲಾ?"

ಕೊನೆಗೆ ಯಜಮಾನರು ತೀರ್ಮಾನ ಹೇಳಿದರು. ಕುದುರೆ ಮಾರಿದ ವ್ಯಾಪಾರಿ ಮೂರು ವಾರದ ಗಡುವು ಕೊಟ್ಟಿದ್ದ. ಹೊಸ ಮನೆಗೆ ಹೊಂದಿಕೊಂಡು, ತಿಂದುಂಡು ಗಟ್ಟಿಯಾಗಿದ್ದರೆ ಕುದುರೆ ನಮ್ಮದು. ಇಲ್ಲವಾದರೆ ಅವನೇ ಬಂದು ಹಿಡಿದುಕೊಂಡು ಹೋಗುತ್ತಾನೆ, ದುಡ್ಡು ವಾಪಸ್ಸು. ಯಜಮಾನರು ಅದಕ್ಕೆ ಇನ್ನೊಂದು ಗಂಟು ಹಾಕಿದರು. "ಇದು ಕೈಹತ್ತಿದ್ರೆ ನೀನು ಇಲ್ಲೇ ಇರು, ನಾನು ಒಂದು ಮಾತೂ ಆಡಲ್ಲ. ಕೈಹತ್ಲಿಲ್ಲ ಅಂದ್ರೆ ನಿನ್ನ ಗಂಡನ ಮನೆಗೆ ಕಾಗದ ಬರೀತೀನಿ. ಬಂದು ಕರ್ಕೊಂಡು ಹೋಗ್ಲಿ. ಒಪ್ಪಿಗೇನಾ?"

ಪುಟ್ಟಿ ತಟ್ಟೆ ನೋಡುತ್ತಾ, "ಒಪ್ಪಿಗೆ," ಎಂದಳು. ನಾನು ಬಡಿಸಲು ಇನ್ನೊಂದು ಸೌಟು ಎತ್ತಿದೆ. ಅವಳು ಕೈ ಅಡ್ಡ ಹಿಡಿದು, "ಸಾಕು ಅತ್ತಿಗೆ," ಎಂದು ಎದ್ದು ಹೋದಳು.

ಕುದುರೆಯನ್ನು ಮನೆಗೆ ಹೊಂದಿಸುವುದೆಂದರೆ ಹೊಸ ಸೊಸೆಯನ್ನು ಹೊಂದಿಸುವುದಕ್ಕಿಂತ ಹೆಚ್ಚಿನ ಕೆಲಸ ಎಂದು ನನಗೆ ಆಗ ಗೊತ್ತಾಯಿತು. ನನಗೆ ಯಾರೂ ಅಷ್ಟು ಮಾಡಿರಲಿಲ್ಲ. ಪುಟ್ಟಿ ಗಂಡನ ಮನೆಯಲ್ಲಿ ಎರಡು ಕುದುರೆ ನೋಡಿಕೊಂಡಿದ್ದವಳು. ಆ ಮನೆಯಲ್ಲಿ ತನ್ನ ಜೊತೆ ನೆಟ್ಟಗೆ ಮಾತಾಡುತ್ತಿದ್ದದ್ದು ಅವೆರಡೇ ಎಂದು ಒಮ್ಮೆ ಹೇಳಿದ್ದಳು. ಬೆಳಗಾಗುವ ಮೊದಲೇ ಎದ್ದು, ಅಣ್ಣ ಕೀಸುಳಿ ಹೊಡೆದು ಬಿಟ್ಟ ಮರದ ಸುರುಳಿಗಳನ್ನೆಲ್ಲ ಬುಟ್ಟಿಯಲ್ಲಿ ಬಾಚಿ ತಂದು ಅದಕ್ಕೆ ಹಾಸಿಗೆ ಮಾಡುತ್ತಿದ್ದಳು. ಹಿತ್ತಲಿನ ಗೋಡೆಯ ಉದ್ದಕ್ಕೂ ನಡೆಸಿ, ಬಾವಿ ಇದು, ಬಟ್ಟೆ ಒಣಗಿಸುವ ಹಗ್ಗ ಇದು, ಇದಕ್ಕೆ ಹೆದರಬೇಡ ಎಂದು ಪರಿಚಯ ಹೇಳುತ್ತಿದ್ದಳು. ಅದು ಒಂದೊಂದನ್ನೂ ಮೂಸಿ, ದೊಡ್ಡದಾಗಿ ಉಸಿರು ಬಿಟ್ಟು, ಮುಂದಕ್ಕೆ ಹೋಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಕಿಟಕಿಯಿಂದ ನೋಡಿದರೆ ಕಾಲು ಕಾಣದೆ ಬರೀ ಬೆನ್ನು ಮತ್ತು ಪುಟ್ಟಿಯ ತಲೆ ಹರಿದು ಹೋದಂತೆ ಇರುತ್ತಿತ್ತು. ನಾನು ಹಾಲು ಉಕ್ಕುವವರೆಗೂ ನೋಡುತ್ತಾ ನಿಂತದ್ದುಂಟು.

"ಒಲೆ ಹಚ್ಚೋಕೆ ಸುರುಳಿ ಒಂದೂ ಉಳಿಸಿಲ್ಲ ಇವಳು," ಎಂದು ಯಜಮಾನರು ಗೊಣಗಿದರು. "ನನ್ನ ಗೋಂದು ಕಾಯ್ಸೋದು ಯಾವುದರಲ್ಲಿ?"

"ಕುದುರೆ ಮಲಗಿ ಎದ್ದ ಮೇಲೆ ತೊಗೋ," ಎಂದರು ಅತ್ತೆ.

ಪುಟ್ಟಿಯದು ಒಂದೇ ನಿಯಮ. ಹೊಸ ಜೀವ ಮನೆಗೆ ಬಂದರೆ ಮನೆಯವರು ಉಣ್ಣುವ ಹೊತ್ತಿಗೇ ಅದಕ್ಕೂ ಇಡಬೇಕು, ಆಗ ತಾನೂ ಈ ಮನೆಯದೇ ಎಂದು ಅದಕ್ಕೆ ಅನ್ನಿಸುತ್ತದೆ. ಅಡುಗೆಮನೆಯ ಕಿಟಕಿ ತೆರೆದರೆ ಷೆಡ್ಡು ಎದುರಿಗೇ, ನಾಲ್ಕು ಹೆಜ್ಜೆ. ಅವಳು ಬೂಸಾ, ನೆನೆಸಿದ ಕಾಳು ಕಲಸಿ ಬಕೆಟ್ಟು ಇಟ್ಟು, ಕೈ ತೊಳೆದು ಬಂದು ನಮ್ಮ ಜೊತೆ ಕೂರುತ್ತಿದ್ದಳು. ಕಿಟಕಿಯಾಚೆ ಕುದುರೆ ಅಗಿಯುವ ಸದ್ದು ಕೇಳುತ್ತಿತ್ತು. ನಾಲ್ಕು ಬಾಯಿ ತುಂಬ ತಿನ್ನುತ್ತಿತ್ತು. ಆಮೇಲೆ ಸದ್ದು ನಿಲ್ಲುತ್ತಿತ್ತು. ಹೋಗಿ ನೋಡಿದರೆ ಬಕೆಟ್ಟಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ಹಿತ್ತಲ ಗೇಟಿನ ಕಡೆ ಮುಖ ಮಾಡಿ, ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಿತ್ತು. ಎಷ್ಟು ಪುಸಲಾಯಿಸಿದರೂ ಬಕೆಟ್ಟಿಗೆ ಬಾಯಿ ಹಾಕುತ್ತಿರಲಿಲ್ಲ. ಒಂದು ಗಂಟೆಯಲ್ಲಿ ಬೂಸಾ ಹುಳಿ ನಾರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಒಂದಷ್ಟು ಒಣಹುಲ್ಲು ಎಳೆದುಕೊಂಡರೆ ಅದೇ ಊಟ.

"ಏನು, ದೊರೆಗಳಿಗೆ ರುಚಿಸ್ಲಿಲ್ವೋ?" ಎಂದೆ ಮೂರನೇ ದಿನ. ಕುದುರೆಗೆ ದೊರೆ ಎಂದು ಹೆಸರು ಬಿದ್ದದ್ದು ಹಾಗೆ. ಬೈದು ಇಟ್ಟ ಹೆಸರೇ ನಿಲ್ಲುವುದು.

"ಹಳೇ ಮನೆ ನೆನಪು ಅದಕ್ಕೆ," ಎಂದರು ಅತ್ತೆ. "ಬಾಗಿಲು ನೋಡ್ಕೊಂಡು ನಿಲ್ಲುತ್ತೆ ಅಂದ್ರೆ ಇನ್ನೇನು? ನಾನೂ ಈ ಮನೆಗೆ ಬಂದಾಗ ಒಂದು ತಿಂಗಳು ಹಾಗೇ ನಿಂತಿದ್ದೆ."

ವ್ಯಾಪಾರಿ ಹೇಳಿದ್ದೂ ಅದಕ್ಕೆ ಹೊಂದುತ್ತಿತ್ತು. ಹದಿನಾಲ್ಕು ವರ್ಷ ಒಬ್ಬನೇ ಯಜಮಾನನ ಹತ್ತಿರ ಇದ್ದ ಕುದುರೆ, ಬ್ರೆಡ್ಡಿನ ಗಾಡಿ ಎಳೆದದ್ದು, ಆ ಮನುಷ್ಯ ತೀರಿಕೊಂಡ ಮೇಲೆ ಮನೆಯವರು ಮಾರಿದ್ದು. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ. ಪಶುವೈದ್ಯರು ಬಂದು ಹಲ್ಲು ನೋಡಿದರು, ಹೊಟ್ಟೆಗೆ ಕಿವಿಗೊಟ್ಟರು. ಮೈಯಲ್ಲಿ ರೋಗವಿಲ್ಲ, ಮನಸ್ಸು ಹೊಂದಬೇಕು ಎಂದು ಹೇಳಿ ಹೋದರು. ಮನಸ್ಸಿಗೆ ಅವರ ಪೆಟ್ಟಿಗೆಯಲ್ಲಿ ಔಷಧ ಇರಲಿಲ್ಲ.

ಎರಡನೇ ವಾರದ ಹೊತ್ತಿಗೆ ದೊರೆಯ ಪಕ್ಕೆಲುಬು ಎಣಿಸಬಹುದಾಗಿತ್ತು. ಪುಟ್ಟಿಯದೂ ಅಷ್ಟೇ. ನಾನು ಅಡುಗೆಮನೆಯ ಮೂಲೆಯಲ್ಲಿ ಪಾಲಿಶ್ ಹಾಕಿ ಹಾಕಿ, ಸ್ಪಿರಿಟ್ಟಿನ ವಾಸನೆಗೆ ಮನೆಯವರೆಲ್ಲ ಕೆಮ್ಮಿ ಕೆಮ್ಮಿ, ಕೊನೆಗೆ ಮೇಜೊಂದನ್ನು ಹಿತ್ತಲಿಗೆ ಹೊತ್ತುಕೊಂಡು ಹೋದೆ. ಮಾರನೇ ಬೆಳಿಗ್ಗೆ ಗಿರಾಕಿಗೆ ಕೊಡಬೇಕಾದ ಮೇಜು. ಕೊನೆಯ ಕೈ ಹಚ್ಚಿ ಒಣಗಲು ಬಿಟ್ಟು ಬಂದೆ. ಹೋಗಿ ನೋಡಿದರೆ ಕನ್ನಡಿಯ ಹಾಗಿದ್ದ ಹಲಗೆಯ ತುಂಬ ಕಂದು ಕೂದಲು! ಪುಟ್ಟಿ ಪಕ್ಕದಲ್ಲೇ ನಿಂತು ಕುದುರೆಯ ಮೈ ಉಜ್ಜುತ್ತಿದ್ದಳು, ಅದು ಬಕೆಟ್ಟಿಗೆ ಬಾಯಿ ಹಾಕಿ ಅಗಿಯುತ್ತಿತ್ತು.

"ಕಣ್ಣು ಕಾಣ್ಸುತ್ತೋ ಇಲ್ವೋ ನಿನಗೆ?"

"ಗಾಳಿ ಬೀಸ್ತು ಅತ್ತಿಗೆ, ನಾನು ನೋಡ್ಲಿಲ್ಲ. ಉಜ್ಜಿ ಕೊಡ್ತೀನಿ."

"ಉಜ್ಜಿ ಕೊಡ್ತಾಳಂತೆ! ಕೂದಲು ಪಾಲಿಶ್ ಒಳಗೆ ಕೂತಿದೆ. ಮೊದಲಿಂದ ಕೆರೆದು ಹಾಕ್ಬೇಕು. ನನ್ನ ಜಾಗ ತೊಗೊಂಡೆ, ಈಗ ನನ್ನ ಕೆಲಸಾನೂ ತೊಗೋ. ಸಾಕು, ನನಗೆ ಸಾಕಾಗಿ ಹೋಗಿದೆ ನಿಮ್ಮಿಬ್ಬರ ಸಹವಾಸ!"

ಅಗಿಯುವ ಸದ್ದು ನಿಂತಿತು. ದೊರೆ ಹಿಂದೆ ಸರಿದು ಗೇಟಿನ ಕಡೆ ತಿರುಗಿತು. ಜಗಲಿಯ ಮೇಲೆ ಬಟಾಣಿ ಬಿಡಿಸುತ್ತಾ ಕೂತಿದ್ದ ಅತ್ತೆ ಕೈ ನಿಲ್ಲಿಸಿದರು. ಕಣ್ಣು ಹೋದ ಮೇಲೆ ಅವರ ಕಿವಿಗೆ ಇರುವೆ ನಡೆದರೂ ಕೇಳುತ್ತದೆ.

"ಈಗ ಗೊತ್ತಾಯ್ತು," ಎಂದರು. "ನಿನ್ನ ಗಂಟಲು, ಕಣೇ. ನೀನು ಬಾಯಿ ಬಿಟ್ರೆ ಅದು ಮೇವು ಬಿಡುತ್ತೆ. ನಾಲ್ಕು ದಿನದಿಂದ ಕೇಳಿಸ್ಕೊಂಡಿದ್ದೀನಿ."

"ನನ್ನ ಗಂಟಲಿಗೇನಾಗಿದೆ?"

"ನಮಗೆ ಅಭ್ಯಾಸ ಆಗಿದೆ ಬಿಡು. ಅದು ಪಾಪ, ಹೊಸದು."

ಆ ಸಂಜೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ಬಲು ನಯವಾಗಿ, ಊಟದ ಹೊತ್ತಿನಲ್ಲಿ ನಾನು ಮಾತಾಡಬಾರದು ಎಂದರು. ಕುದುರೆ ತಿನ್ನಲಿ ಎಂದು ಮನೆಯ ಹೆಂಗಸು ಬಾಯಿಗೆ ಬೀಗ ಹಾಕಿಕೊಳ್ಳಬೇಕು! ಹಾಕಿಕೊಂಡೆ. ನಾಲ್ಕು ದಿನ ಸನ್ನೆಯಲ್ಲೇ ಬಡಿಸಿದೆ. ಎದೆಯಲ್ಲಿ ಕೆಂಡ ಇಟ್ಟುಕೊಂಡು ಉಂಡೆ. ಅಷ್ಟಾದರೂ ದೊರೆ ಪ್ರತಿ ಊಟಕ್ಕೂ ಅರ್ಧಕ್ಕೇ ಬಿಟ್ಟಿತು. ಆಗ ಅತ್ತೆ, "ನಿನ್ನ ಹೆಜ್ಜೆ ಸದ್ದೂ ಸ್ವಲ್ಪ ಜೋರು," ಎಂದರು.

ಒಂದು ಮಧ್ಯಾಹ್ನ ಮನೆಯಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಯಜಮಾನರು ಮರದ ಡಿಪೋಗೆ ಹೋಗಿದ್ದರು. ಪುಟ್ಟಿ ಗಿರಣಿಗೆ ಹೋಗಿದ್ದಳು, ಒಂದನೇ ತಾರೀಖು ಎನ್ನುವುದನ್ನು ಸ್ವಲ್ಪ ಮುಂದೂಡಲು ಆಗುತ್ತದೋ ಕೇಳಲು. ನಾನು ಬಕೆಟ್ಟಿಗೆ ಬೂಸಾ ಕಲಸಿಕೊಂಡು ಷೆಡ್ಡಿಗೆ ಹೋದೆ. ಜಗಳ ಆಡಲೆಂದೇ ಹೋದದ್ದು, ಮುಚ್ಚಿಡುವುದೇನು.

"ಏನಯ್ಯಾ ದೊರೆ, ನನ್ನ ಗಂಟಲು ನಿನಗೆ ಆಗ್ಬರಲ್ವಂತೆ?"

ಅದು ಬಕೆಟ್ಟಿಗೆ ಮೂತಿ ಇಳಿಸಿ ತಿನ್ನತೊಡಗಿತು.

"ನೀನು ನಿಂತಿರೋ ಜಾಗದಲ್ಲಿ ಹನ್ನೆರಡು ವರ್ಷ ಕೂತಿದ್ದೀನಿ ನಾನು. ಗೊತ್ತಾ?"

ತಿನ್ನುತ್ತಲೇ ಇತ್ತು. ನಾನು ದನಿ ಏರಿಸಿದೆ. ಪಾಲಿಶ್ ಡಬ್ಬವನ್ನು ಕಂಬಕ್ಕೆ ಬಡಿದೆ. ಒಂದು ಕಿವಿ ನನ್ನ ಕಡೆ ತಿರುಗಿಸಿತೇ ಹೊರತು ದವಡೆ ನಿಲ್ಲಿಸಲಿಲ್ಲ. ನನ್ನ ಗಂಟಲಿನ ತಪ್ಪೇನೂ ಇರಲಿಲ್ಲ! ಅಲ್ಲೇ ಸುರುಳಿಗಳ ಮೇಲೆ ಕೂತುಬಿಟ್ಟೆ. ಮರದ ವಾಸನೆ, ಕುದುರೆಯ ಬಿಸಿ, ಆ ಅಗಿಯುವ ಸದ್ದು. ಪಟ್ಟೆ ಪಟ್ಟೆ ಬಿಸಿಲು ಅದರ ಹೊಟ್ಟೆಯ ಮೇಲೆ ಉಸಿರಿಗೆ ತಕ್ಕಂತೆ ಏರಿ ಇಳಿಯುತ್ತಿತ್ತು. ನೋಡುತ್ತಾ ನೋಡುತ್ತಾ ನನಗೂ ರೆಪ್ಪೆ ಭಾರವಾಯಿತು. ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾರಿಗೂ ಹೇಳದ ಮಾತೆಲ್ಲ ಬಾಯಿಗೆ ಬಂತು. ನನಗೆ ಹೂವಿಗಿಂತ ಪಾಲಿಶ್ ವಾಸನೆ ಇಷ್ಟ ಎಂದೆ. ಪುಟ್ಟಿ ಸೂಟ್‌ಕೇಸ್ ಹಿಡಿದು ಬಂದು ನಿಂತ ದಿನ, ಮಾತಾಡಲು ಒಬ್ಬಳು ಬಂದಳು ಎಂದು ಒಂದು ಗಳಿಗೆ ಸಂತೋಷಪಟ್ಟಿದ್ದೆ, ಆಮೇಲೆ ತಟ್ಟೆ ಒಂದು ಹೆಚ್ಚಾಯಿತೆಂದು ಎಣಿಸಿದೆ ಎಂದೆ. ದೊರೆ ಎಲ್ಲ ಕೇಳಿಸಿಕೊಂಡು ತಿನ್ನುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಒಳಗಿನಿಂದ ಬೇಳೆ ಸೀಯುವ ವಾಸನೆ ಬಂತು.

"ಸಾಕು, ಏಳ್ತೀನಿ," ಎಂದೆ. "ಒಲೆ ಮೇಲೆ ಇಟ್ಟು ಬಂದಿದ್ದೀನಿ."

ದೊರೆ ಬಾಯಲ್ಲಿದ್ದ ಕಾಳು ಉದುರಿಸಿಕೊಂಡು ತಲೆ ಎತ್ತಿತು. ಎರಡು ಹೆಜ್ಜೆ ಹಿಂದೆ ಸರಿಯಿತು. ಗೇಟಿನ ಕಡೆ ತಿರುಗಿ, ನಾಲ್ಕೂ ಕಾಲು ಸಮನಾಗಿ ಊರಿ, ಕಿವಿ ಮುಂದೆ ಮಾಡಿ ನಿಂತಿತು.

ನಾನು ಬೇಳೆಯನ್ನು ಸೀಯಲು ಬಿಟ್ಟು ಅದನ್ನೇ ನೋಡಿದೆ. ಅದು ಅಳುವವರ ನಿಲುವಲ್ಲ. ಕೆಲಸಕ್ಕೆ ಹೊರಟವರ ನಿಲುವು. ಬ್ರೆಡ್ಡಿನ ಗಾಡಿಯವನು ದಾರಿಯ ಮಧ್ಯೆ ಅದರ ಮೂತಿಗೆ ಮೇವಿನ ಚೀಲ ಕಟ್ಟಿರಬೇಕು. ತಾನೂ ಎಲ್ಲೋ ಕೂತು ಎರಡು ತುಂಡು ತಿಂದಿರಬೇಕು. ಆಮೇಲೆ ಎದ್ದು, ಸಾಕು ಎಂದು ಚೀಲ ಬಿಚ್ಚಿ, ಮುಂದಿನ ಬೀದಿಗೆ ಹೊರಟಿರಬೇಕು. ಹದಿನಾಲ್ಕು ವರ್ಷ ಹೀಗೇ. ದೊರೆ ಹಳೇ ಮನೆಯನ್ನು ನೆನೆಯುತ್ತಿರಲಿಲ್ಲ. ನಾವು ಹೇಳಿದ್ದು ಕೇಳಿ, ತಿನ್ನುವುದು ಬಿಟ್ಟು, ಗಾಡಿ ಕಟ್ಟಲಿ ಎಂದು ಕಾಯುತ್ತಿತ್ತು.

ಆ ಸಂಜೆ ನಾನು ಬಾಯಿ ಮುಚ್ಚಿಕೊಂಡು ಎಣಿಸುತ್ತಾ ಬಡಿಸಿದೆ. ಯಜಮಾನರು ಸಾಕು ಮಾಡ್ರಮ್ಮ ಎಂದರು, ಅತ್ತೆ ಸಾಕಪ್ಪಾ ಸಾಕು ಈ ಜನ್ಮ ಎಂದರು, ಬೇಳೆಗೆ ಉಪ್ಪು ಸಾಕಾ ಎಂದರು, ಮತ್ತೆ ಯಜಮಾನರು ಒಂದು ನಾಯಿ ಸಾಕೋದೇ ಕಷ್ಟ ಇನ್ನು ಕುದುರೆ ಸಾಕ್ತೀವಾ ಎಂದರು. ಕುದುರೆಗೆ ವ್ಯಾಕರಣ ಗೊತ್ತೇ? ಸಾಕುವುದೂ ಸಾಕೆನ್ನುವುದೂ ಅದಕ್ಕೆ ಒಂದೇ. ಒಂದು ಊಟದಲ್ಲಿ ಹನ್ನೊಂದು ಸಲ. ನಾನು ಮಾತಾಡಿದ್ದರೆ ಇಪ್ಪತ್ತು ದಾಟುತ್ತಿತ್ತು. ನಮ್ಮ ಮನೆಯಲ್ಲಿ ಗೋಡೆಗೆ ಸುಣ್ಣ ಇಲ್ಲದಿದ್ದರೂ ಆ ಮಾತಿಗೆ ಬರವಿರಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ಹೇಳಿದ್ದು ಪುಟ್ಟಿ. ಮೊದಲನೇ ಸೌಟು ತಟ್ಟೆಗೆ ಬೀಳುತ್ತಲೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದ ಮಾತಿನ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ನಾನು ಅದನ್ನು ಆಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು. ನನಗೆ ತಿಳಿದಾಗ ಗಡುವಿಗೆ ನಾಲ್ಕು ದಿನ ಇತ್ತು. ನಾನು ಸುಮ್ಮನಿದ್ದರೆ ವ್ಯಾಪಾರಿ ಬರುತ್ತಾನೆ, ಹಗ್ಗ ಬಿಚ್ಚುತ್ತಾನೆ. ಷೆಡ್ಡು ಖಾಲಿಯಾಗುತ್ತದೆ, ಪುಟ್ಟಿ ನಡುಮನೆಯಲ್ಲಿ ಸುತ್ತಿಟ್ಟ ಹಾಸಿಗೆಯೂ ಹೊರಡುತ್ತದೆ. ನಾನು ಕೆಟ್ಟದ್ದೇನೂ ಮಾಡಬೇಕಾಗಿರಲಿಲ್ಲ. ನನಗೆ ಹೇಗೂ ಮಾತಾಡಬೇಡ ಎಂದಿದ್ದರಲ್ಲ! ಆ ನಾಲ್ಕು ದಿನ ನೀರಿನೊಳಗೆ ನಡೆದ ಹಾಗೆ ಕಳೆದೆ. ಪಾತ್ರೆ ತೊಳೆಯುತ್ತಿದ್ದರೆ ಕೈ ಯಾರದೋ ಅನ್ನಿಸುತ್ತಿತ್ತು. ಬೆಳಿಗ್ಗೆ ಮಂಜಿನಲ್ಲಿ ಪುಟ್ಟಿ ದೊರೆಯ ಕುತ್ತಿಗೆಗೆ ಹಣೆ ಒತ್ತಿಕೊಂಡು ಎಷ್ಟೋ ಹೊತ್ತು ನಿಂತಿರುತ್ತಿದ್ದಳು. ನಾನು ಕಿಟಕಿ ಹಾಕಿಬಿಡುತ್ತಿದ್ದೆ.

ಮೂರನೇ ದಿನ ಯಜಮಾನರು ಕಾಗದ ಬರೆದು ಗಡಿಯಾರದ ಕೆಳಗೆ ಇಟ್ಟರು.

"ಪುಟ್ಟಿ, ಓದ್ಲಾ?" ಎಂದು ಕೇಳಿದರು.

"ಬೇಡ ಅಣ್ಣ. ನೀನು ತಪ್ಪು ಬರೆಯೋನಲ್ಲ."

"ಚೆನ್ನಾಗಿ ನೋಡ್ಕೊಳ್ಳಿ ಅಂತ ಅವರಿಗೆ ಬರೆದಿದ್ದೀನಿ."

"ಸರಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನೋಡಲಾಗದ ಕಣ್ಣಿಗೆ ಅಳುವುದಕ್ಕೇನೂ ಕಷ್ಟವಿರಲಿಲ್ಲ.

ವ್ಯಾಪಾರಿ ಬಂದದ್ದು ಬೆಳಿಗ್ಗೆ ಹತ್ತು ಗಂಟೆಗೆ. ದಪ್ಪನೆಯ ಮನುಷ್ಯ, ಕುದುರೆಯ ಹಾಗೇ ಉಸಿರು ಬಿಡುತ್ತಿದ್ದ. ದೊರೆಯ ಪಕ್ಕೆ ತಡವಿ ನೋಡಿ ತಲೆ ಅಲ್ಲಾಡಿಸಿದ.

"ಸೊರಗಿದೆಯಲ್ಲಮ್ಮ. ನಾನೇನೂ ಅನ್ಯಾಯ ಮಾಡಲ್ಲ. ನನ್ನ ಕಣ್ಮುಂದೆ ಒಂದು ಬಕೆಟ್ಟು ಮೇವು ಪೂರ್ತಿ ತಿನ್ಲಿ, ನಿಮ್ಮ ಹತ್ರಾನೇ ಇರ್ಲಿ. ತಿನ್ಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ. ಹಸಿವಿಂದ ಸತ್ರೆ ನಿಮಗೂ ಪಾಪ, ನನಗೂ ಪಾಪ."

ಪುಟ್ಟಿ ಬೂಸಾ ಕಲಸಿದಳು. ಅರ್ಧ ಹೊರಗೆ ಚೆಲ್ಲಿತು, ಮತ್ತೆ ತುಂಬಿದಳು. ಬಕೆಟ್ಟು ಇಟ್ಟಳು. ದೊರೆ ಮೂತಿ ಇಳಿಸಿತು. ನಾವೆಲ್ಲ ಸುತ್ತ ನಿಂತೆವು. ಹಿತ್ತಲಿನಲ್ಲಿ ಅದರ ದವಡೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಒಣಹಾಕಿದ ಬಟ್ಟೆಗಳು ಕೂಡ ಅಲ್ಲಾಡುತ್ತಿರಲಿಲ್ಲ. ಕಾಲು ಬಕೆಟ್ಟು ಇಳಿಯಿತು.

"ತಿಂತಾ ಇದೆ," ಎಂದು ಅತ್ತೆ ಪಿಸುಗುಟ್ಟಿದರು.

"ಯಾವಾಗ್ಲೂ ಇಷ್ಟು ತಿನ್ನುತ್ತೆ. ಆಮೇಲೆ ತಾನೇ ಬಿಡೋದು," ಎಂದರು ಯಜಮಾನರು.

ಅರ್ಧ ಇಳಿಯಿತು. ನಾನು ಪುಟ್ಟಿಯ ಪಕ್ಕದಲ್ಲೇ ಇದ್ದೆ. ಅವಳ ಮುಖದಲ್ಲಿ ಒಂದು ತರಹದ ಶಾಂತಿ ಬಂದಿತ್ತು. ಬಿಟ್ಟುಕೊಟ್ಟವರಿಗೆ ಬರುವಂಥದ್ದು. ಕುದುರೆ ಬಿಡುವ ಮೊದಲು ತಾನೇ ಬಿಟ್ಟರೆ ನೋವು ಕಡಿಮೆ ಎಂದುಕೊಂಡಳೋ ಏನೋ. ಅಣ್ಣನ ಕಡೆ ತಿರುಗಿದಳು.

"ಅಣ್ಣ, ಯಾಕೆ ಇವರನ್ನ ಕಾಯ್ಸೋದು. ಇನ್ನು ಸಾ..."

ನನ್ನ ಅಂಗೈ ಅವಳ ಬಾಯಿಯ ಮೇಲಿತ್ತು. ನಾನು ಯೋಚಿಸಿ ಇಟ್ಟದ್ದಲ್ಲ. ಅವಳು ಗಾಬರಿಯಿಂದ ಕೊಸರಾಡಿದಳು, ನಾನು ಇನ್ನೂ ಬಿಗಿಯಾಗಿ ಒತ್ತಿದೆ.

"ಏನ್ ಮಾಡ್ತಿದ್ದೀಯೇ? ಹುಚ್ಚು ಹಿಡೀತಾ?" ಎಂದು ಯಜಮಾನರು ನುಗ್ಗಿ ಬಂದರು.

"ಆ ಮಾತು ಯಾರೂ ಅನ್ಬೇಡಿ. ಆ ಮಾತು ಕೇಳಿದ್ರೆ ಅದು ತಿನ್ನೋದು ಬಿಡುತ್ತೆ. ಹಳೇ ಯಜಮಾನ ಹಾಗೆ ಕಲ್ಸಿದ್ದಾನೆ. ಮೇವು ಮುಗೀತು, ನಡಿ, ಅಂತ ಅದಕ್ಕೆ ಅರ್ಥ."

"ಯಾವ ಮಾತು?"

ಹೇಗೆ ಹೇಳುವುದು? ಹೇಳಿದರೆ ಕೆಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದರೆ ಇದೇ. ವ್ಯಾಪಾರಿ ನನ್ನ ಮುಖ, ಕುದುರೆಯ ಮುಖ ಒಂದಾದ ಮೇಲೊಂದು ನೋಡುತ್ತಿದ್ದ. ನಾನು ಪುಟ್ಟಿಯ ಬಾಯಿಯಿಂದ ಕೈ ತೆಗೆದೆ.

"ನಾನು ಬಡಿಸುವಾಗ ಹೇಳ್ತೀಯಲ್ಲ," ಎಂದೆ ಅವಳಿಗೆ. "ದಿನಾ. ಒಂದನೇ ಸೌಟಿಗೇ ಕೈ ಅಡ್ಡ ಹಿಡಿದು ಹೇಳ್ತೀಯಲ್ಲ. ಆ ಮಾತು."

ಪುಟ್ಟಿಯ ತುಟಿ ಆ ಮಾತಿನ ಆಕಾರಕ್ಕೆ ಬಂದು, ಸದ್ದಿಲ್ಲದೆ ಮುಚ್ಚಿಕೊಂಡಿತು. ಯಜಮಾನರು ತಲೆ ತಗ್ಗಿಸಿದರು. ಅತ್ತೆ ತಡಕಾಡಿ ಮಗಳ ತೋಳು ಹಿಡಿದುಕೊಂಡು, "ನಾನೂ ದಿನಾ ಕೇಳಿಸ್ಕೊಂಡಿದ್ದೀನಿ ಕಣೇ," ಎಂದರು, "ಕೇಳಿಸ್ಕೊಂಡು ಸುಮ್ಮನಿದ್ದೆ."

ದೊರೆ ತಿನ್ನುತ್ತಲೇ ಇತ್ತು. ಮುಕ್ಕಾಲು ಇಳಿಯಿತು. ಆಮೇಲೆ ಬಕೆಟ್ಟಿನ ತಳಕ್ಕೆ ನಾಲಗೆ ಉಜ್ಜುವ ಸದ್ದು ಬಂತು. ಖಾಲಿ ಬಕೆಟ್ಟನ್ನು ಮೂತಿಯಿಂದ ಉರುಳಿಸಿ, ಇನ್ನೇನಿದೆ ಎನ್ನುವ ಹಾಗೆ ನಮ್ಮೆಲ್ಲರ ಮುಖ ನೋಡಿತು. ಗೇಟಿನ ಕಡೆ ತಿರುಗಲೇ ಇಲ್ಲ.

"ನಿಮ್ಮದೇ ಕುದುರೆ," ಎಂದ ವ್ಯಾಪಾರಿ. "ಆದ್ರೂ ಮನೆಮಂದಿಯೆಲ್ಲ ಸೇರಿ ಒಂದು ಮಾತಿಂದ ಕುದುರೇನ ಉಪವಾಸ ಕೆಡವಿದ್ದು ನಾನು ನೋಡಿರ್ಲಿಲ್ಲ." ನಗುತ್ತಾ ಹೋದ. ಯಜಮಾನರು ಒಳಗೆ ಹೋಗಿ ಗಡಿಯಾರದ ಕೆಳಗಿದ್ದ ಕಾಗದ ತಂದು ಗೋಂದಿನ ಒಲೆಗೆ ಹಾಕಿದರು.

ಪುಟ್ಟಿ ಎರಡನೇ ಬಕೆಟ್ಟು ಕಲಸುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ತಲೆ ಎತ್ತದೆ ಕೇಳಿದಳು.

"ಯಾವತ್ತಿಂದ ಗೊತ್ತಿತ್ತು ಅತ್ತಿಗೆ?"

ಇವತ್ತೇ ಎನ್ನಬಹುದಿತ್ತು. ಎನ್ನಲು ಬಾಯಿ ಬರಲಿಲ್ಲ.

"ನಾಲ್ಕು ದಿನ ಆಯ್ತು."

"ನಾಲ್ಕು ದಿನ," ಎಂದಳು. ಬೂಸಾದಲ್ಲಿ ಅವಳ ಕೈ ನಿಂತಿತು. "ನಾಲ್ಕು ದಿನ ಇವನು ಹಸ್ಕೊಂಡೇ ಇದ್ದ."

"ಹೌದು."

ಅವಳು ಮತ್ತೆ ಕಲಸತೊಡಗಿದಳು. ನಾನು ಹೇಳಬೇಕಾದ್ದು ಹೇಳಲಿಲ್ಲ. ತಪ್ಪಾಯಿತು ಎನ್ನುವುದು ತೀರಾ ಚಿಕ್ಕ ಮಾತು, ಅದನ್ನು ಅಲ್ಲಿ ಎಲ್ಲಿಡುವುದೆಂದು ತಿಳಿಯಲಿಲ್ಲ.

ಸಂಜೆ ನಾಲ್ವರೂ ಊಟಕ್ಕೆ ಕೂತೆವು. ಒಬ್ಬೊಬ್ಬರೂ ಬಾಯಿ ತೆರೆದು, ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿ, ಬೇರೆ ಹುಡುಕುತ್ತಿದ್ದರು. ಕಿಟಕಿಯಾಚೆ ಅಗಿಯುವ ಸದ್ದು ನಿಲ್ಲದೆ ನಡೆದಿತ್ತು. ಪುಟ್ಟಿಯ ತಟ್ಟೆಗೆ ಒಂದು ಸೌಟು ಅನ್ನ ಹಾಕಿದೆ. ಅವಳು ಕೈ ಅಡ್ಡ ತರಲಿಲ್ಲ. ಎರಡನೆಯದು ಹಾಕಿದೆ. ಕಲಸಿ ತಿಂದಳು. ತಿಂದು ಮುಗಿಸಿ, ನನ್ನ ಮುಖ ನೋಡದೆ, ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಹಾಕಿದೆ. ಮತ್ತೆ ಸರಿಸಿದಳು. ಯಜಮಾನರು ಉಣ್ಣುವುದು ಬಿಟ್ಟು ತಂಗಿಯನ್ನೇ ನೋಡುತ್ತಿದ್ದರು. ನಾನು ಪಾತ್ರೆ ಓರೆ ಮಾಡಿ, ನನ್ನ ಪಾಲಿನದನ್ನೂ ಸೇರಿಸಿ, ತಳ ಕೆರೆದು ಬಡಿಸಿದೆ. ಅವಳು ಅದನ್ನೂ ನಿಧಾನವಾಗಿ, ಒಂದು ಅಗುಳೂ ಬಿಡದೆ ತಿಂದಳು. ಬಡಿಸುತ್ತಿದ್ದವಳು ನಾನು, ಎಂಟು ತಿಂಗಳು ಈ ಹುಡುಗಿ ನನ್ನ ಕೈಯ ಕೆಳಗೇ ಹಸಿದಿದ್ದಳು.

"ಇನ್ನೂ ಇದೆಯಾ?" ಎಂದು ಕೇಳಿದಳು.

"ಮಾಡ್ತೀನಿ," ಎಂದು ನಾನು ಎದ್ದು ಅಕ್ಕಿ ತೊಳೆಯಲು ಹೋದೆ.